ಬರ್ಗಂಡಿ ವೈನ್: ದ್ರಾಕ್ಷಿಗಿಂತ ಹೊಲದ ಹೆಸರೇ ದೊಡ್ಡದು

ಆಸ್ಟ್ರೇಲಿಯಾದ ವೈನ್ ಬಾಟಲಿ ಕೈಗೆತ್ತಿಕೊಂಡರೆ ಲೇಬಲ್ ಮೇಲೆ 'ಶಾರ್ಡನೇ' ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ನಾಸಿಕ್‌ನ ಬಾಟಲಿಯಲ್ಲೂ ಅಷ್ಟೇ, ಶಿರಾಜ್ ಅಂತಲೋ ಶೆನಿನ್ ಬ್ಲಾಂಕ್ ಅಂತಲೋ ಇರುತ್ತದೆ. ಫ್ರಾನ್ಸಿನ ಬರ್ಗಂಡಿಯ ಒಳ್ಳೆಯ ಬಾಟಲಿಯ ಕಥೆ ಬೇರೆ. ಅದರ ಮೇಲೆ ಒಂದು ಊರಿನ ಹೆಸರು, ಅದರ ಕೆಳಗೆ ಇನ್ಯಾವುದೋ ಹೆಸರು, ಒಂದು ಇಸವಿ, ಒಂದು ಮನೆತನದ ಹೆಸರು. ಯಾವ ದ್ರಾಕ್ಷಿ ಎಂಬುದು ಸಾಮಾನ್ಯವಾಗಿ ಇರುವುದೇ ಇಲ್ಲ. ಪಕ್ಕದಲ್ಲಿ ಇನ್ನೊಂದು ಬಾಟಲಿ ಇರುತ್ತದೆ. ಅದೇ ಊರು, ಅದೇ ದ್ರಾಕ್ಷಿ, ಅದೇ ವರ್ಷ. ಬೆಲೆ ಮಾತ್ರ ಹತ್ತು ಪಟ್ಟು.

ಇದೆಲ್ಲ ಸುಮ್ನೆ ಗತ್ತಿಗೆ ಮಾಡಿಕೊಂಡ ಗೊಂದಲ ಅನ್ನಿಸಬಹುದು. ಸ್ವಲ್ಪ ಗತ್ತು ಇದೆ, ಇಲ್ಲ ಎನ್ನಲಾರೆ. ಆದರೆ ಒಂದು ವಿಷಯ ಹಿಡಿದುಕೊಂಡರೆ ಅರ್ಧ ಗೋಜಲು ಬಿಡಿಸಿದಂತೆ. ಬರ್ಗಂಡಿಯಲ್ಲಿ ಕಾನೂನು ದರ್ಜೆ ಕೊಟ್ಟಿರುವುದು ನೆಲಕ್ಕೆ. ವೈನ್ ಮಾಡಿದವರಿಗೆ ಆ ದರ್ಜೆಯಲ್ಲಿ ಪಾಲಿಲ್ಲ. ಉಳಿದ ಅರ್ಧ ಗೋಜಲಿಗೆ ಕಾರಣ ಕ್ರೈಸ್ತ ಮಠಗಳು, ಒಬ್ಬ ಸಿಟ್ಟಿನ ಡ್ಯೂಕ್, ಒಂದು ಕ್ರಾಂತಿ, ಮತ್ತು ಮಕ್ಕಳಿಗೆಲ್ಲ ಸಮಪಾಲು ಕೊಡಬೇಕೆಂಬ ಆಸ್ತಿ ಕಾನೂನು.

ಒಂದು ಇಳಿಜಾರು

ಬರ್ಗಂಡಿ ಇರುವುದು ಪೂರ್ವ ಫ್ರಾನ್ಸಿನಲ್ಲಿ. ಉತ್ತರದ ತುದಿಯಲ್ಲಿ ಶಾಬ್ಲಿ. ಅದು ಉಳಿದ ಭಾಗದಿಂದ ನೂರು ಕಿಲೋಮೀಟರ್ ದೂರ ಒಂಟಿಯಾಗಿ ನಿಂತಿದೆ. ದಕ್ಷಿಣದಲ್ಲಿ ಕೋತ್ ಶಾಲೋನೇಸ್, ಅದರ ಕೆಳಗೆ ಮಾಕೋನೆ. ಈ ಮೂರರ ಬಗ್ಗೆಯೂ ಹೇಳಲು ಬೇಕಾದಷ್ಟಿದೆ. ಆದರೆ ಬರ್ಗಂಡಿಯ ಹೆಸರು, ಹಣ, ಜಗಳ ಎಲ್ಲ ಹುಟ್ಟುವುದು ನಡುವಿನ ಕೋತ್ ದೋರ್ ಎಂಬ ಇಳಿಜಾರಿನಲ್ಲಿ.

ದಿಜೋನ್ ನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ಉದ್ದಕ್ಕೆ ಈ ಇಳಿಜಾರು ಸಾಗುತ್ತದೆ. ಅಗಲ ಬಹಳ ಕಡಿಮೆ. ಎಷ್ಟೋ ಕಡೆ ಒಂದು ಕಿಲೋಮೀಟರ್ ಕೂಡ ಇಲ್ಲ. ಉತ್ತರದ ಅರ್ಧಕ್ಕೆ ಕೋತ್ ದ ನ್ವೀ ಎಂದು ಹೆಸರು, ಅಲ್ಲಿ ಕೆಂಪು ವೈನೇ ಜಾಸ್ತಿ. ದಕ್ಷಿಣದ ಅರ್ಧ ಕೋತ್ ದ ಬೋನ್. ಅಲ್ಲಿ ಕೆಂಪೂ ಇದೆ, ಆದರೆ ಜಗತ್ತು ಅದನ್ನು ಗುರುತಿಸುವುದು ಬಿಳಿ ವೈನಿನಿಂದ.

ಇಳಿಜಾರು ಪೂರ್ವಕ್ಕೂ ಆಗ್ನೇಯಕ್ಕೂ ಮುಖ ಮಾಡಿದೆ. ಬೆಳಗಿನ ಬಿಸಿಲು ಬೇಗ ಬೀಳುತ್ತದೆ. ಚಳಿ ದೇಶದಲ್ಲಿ ಇದು ದೊಡ್ಡ ಲಾಭ. ತೀರಾ ಮೇಲೆ ಹೋದರೆ ಮಣ್ಣು ತೆಳು, ಗಾಳಿ ತಂಪು, ಹಣ್ಣು ಮಾಗುವುದು ತಡ. ತೀರಾ ಕೆಳಗೆ ಬಂದರೆ ಜೇಡಿಮಣ್ಣು ದಪ್ಪ, ನೀರು ನಿಲ್ಲುತ್ತದೆ, ಬಳ್ಳಿ ಸೊಕ್ಕುತ್ತದೆ, ಹಣ್ಣಿನ ರಸ ತೆಳ್ಳಗಾಗುತ್ತದೆ. ನಡುವಿನ ಪಟ್ಟಿಯಲ್ಲಿ ನೀರು ಬಸಿದುಹೋಗುತ್ತದೆ, ಬಿಸಿಲೂ ಸಾಕಷ್ಟು ಸಿಗುತ್ತದೆ. ಅತಿ ದುಬಾರಿ ತೋಟಗಳೆಲ್ಲ ಈ ಸೊಂಟದ ಎತ್ತರದಲ್ಲೇ ಸಾಲಾಗಿವೆ. ಕೆಳಗೆ ಡಿ974 ರಸ್ತೆ ಹಾದುಹೋಗುತ್ತದೆ. ಆ ರಸ್ತೆ ದಾಟಿ ಬಯಲಿಗೆ ಇಳಿದರೆ ಹೆಚ್ಚಿನ ಕಡೆ ದರ್ಜೆಯೂ ಇಳಿಯುತ್ತದೆ.

ನೆಲದಡಿ ಇರುವುದು ಸುಣ್ಣಕಲ್ಲು, ಅದರ ಜೊತೆ ಸುಣ್ಣ ಬೆರೆತ ಜೇಡಿ. ಹದಿನೈದು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಬೆಚ್ಚಗಿನ ಸಮುದ್ರವಿತ್ತು. ಅದರ ತಳದಲ್ಲಿ ಪದರ ಪದರವಾಗಿ ಕೂತದ್ದೇ ಈ ಕಲ್ಲು. ಆಮೇಲೆ ಭೂಮಿ ಬಿರಿದು ಆ ಪದರಗಳು ಮೇಲೆ ಕೆಳಗೆ ಸರಿದವು. ಹಾಗಾಗಿ ನಾಲ್ಕು ಹೆಜ್ಜೆ ನಡೆದರೆ ಮಣ್ಣು ಬದಲಾಗುತ್ತದೆ. ಶಾಬ್ಲಿಯ ಮಣ್ಣಿನಲ್ಲಂತೂ ಉಗುರಿನಷ್ಟು ಚಿಕ್ಕ ಸಿಂಪಿಗಳ ಪಳೆಯುಳಿಕೆ ಕೈಗೇ ಸಿಗುತ್ತದೆ. 'ವೈನಿನಲ್ಲಿ ಆ ಸಿಂಪಿಯ ರುಚಿ ಬರುತ್ತದೆ' ಎಂದು ಮಾರುವವರು ಹೇಳುತ್ತಾರೆ. ಅದನ್ನು ನಂಬಬೇಕಿಲ್ಲ. ಬೇರು ಕಲ್ಲಿನ ರುಚಿಯನ್ನು ಹೀರಿ ಹಣ್ಣಿಗೆ ತುಂಬುವುದಿಲ್ಲ. ಮಣ್ಣು ಎಷ್ಟು ನೀರು ಹಿಡಿಯುತ್ತದೆ, ಎಷ್ಟು ಬೇಗ ಬಿಸಿಯಾಗುತ್ತದೆ, ಬಳ್ಳಿಯನ್ನು ಎಷ್ಟು ಹದದಲ್ಲಿ ಇಡುತ್ತದೆ ಎಂಬುದರಿಂದ ರುಚಿ ಬದಲಾಗುತ್ತದೆ. ಅದೇನು ಸಣ್ಣ ಬದಲಾವಣೆ ಅಲ್ಲ.

ಹೀಗೆ ಬೇರೆ ಬೇರೆ ಗುಣದ ತುಂಡು ನೆಲಗಳಿಗೆ ಶತಮಾನಗಳಿಂದ ಗಡಿ ಹಾಕಿ, ಹೆಸರಿಟ್ಟು, ದಾಖಲೆ ಇಟ್ಟುಕೊಂಡು ಬಂದಿದ್ದಾರೆ. ಇಂಥ ಒಂದೊಂದು ತುಂಡನ್ನು ಅಲ್ಲಿ 'ಕ್ಲಿಮಾ' ಎನ್ನುತ್ತಾರೆ. ನಮ್ಮ ಪಹಣಿಯಲ್ಲಿ ಸರ್ವೆ ನಂಬರ್ ಇರುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ನಂಬರ್ ಬದಲು ಅದಕ್ಕೆ ಒಂದು ಹೆಸರಿದೆ, ಆ ಹೆಸರೇ ಬಾಟಲಿ ಮೇಲೆ ಬರುತ್ತದೆ, ಅಷ್ಟೇ ವ್ಯತ್ಯಾಸ. 2015ರಲ್ಲಿ ಯುನೆಸ್ಕೊ ಈ ಇಳಿಜಾರಿನ ಕ್ಲಿಮಾಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಲೆಕ್ಕ 1,247.

ಮಠದವರ ತಾಳ್ಮೆ, ಡ್ಯೂಕ್‌ನ ಸಿಟ್ಟು

ಮೊದಲ ಗಡಿಗಳು ಮಠಗಳ ಕಾಲದವು. ಬೇಜ್ ಎಂಬ ಮಠಕ್ಕೆ 7ನೇ ಶತಮಾನದಲ್ಲಿ ದಾನವಾಗಿ ಸಿಕ್ಕ ನೆಲ ಇಂದಿಗೂ 'ಶಾಂಬರ್ತಾನ್ ಕ್ಲೋ ದ ಬೇಜ್' ಎಂಬ ಹೆಸರಿನಲ್ಲೇ ಇದೆ. 1098ರಲ್ಲಿ ಸಿತೋ ಎಂಬಲ್ಲಿ ಸಿಸ್ಟರ್ಷಿಯನ್ ಸನ್ಯಾಸಿಗಳ ಮಠ ಶುರುವಾಯಿತು. ಮೈ ಬಗ್ಗಿಸಿ ದುಡಿಯುವುದೂ ಪ್ರಾರ್ಥನೆಯಷ್ಟೇ ಮುಖ್ಯ ಎಂಬುದು ಅವರ ನಿಯಮ. 12ನೇ ಶತಮಾನದಿಂದ ವೂಜೊ ಊರಿನಲ್ಲಿ ಅವರು ತುಂಡು ತುಂಡಾಗಿ ನೆಲ ಕೂಡಿಸಿಕೊಂಡರು. 1336ರ ಹೊತ್ತಿಗೆ ಅದರ ಸುತ್ತ ಕಲ್ಲಿನ ಗೋಡೆ ಪೂರ್ತಿಯಾಗಿತ್ತು. ಅದೇ ಕ್ಲೋ ದ ವೂಜೊ. ಸುಮಾರು 50 ಹೆಕ್ಟೇರಿನ ಆ ತೋಟ ಈಗಲೂ ಗೋಡೆಯ ಒಳಗೇ ಇದೆ.

ಸನ್ಯಾಸಿಗಳು ಮಣ್ಣನ್ನು ನಾಲಗೆಗೆ ಹಚ್ಚಿ ರುಚಿ ನೋಡಿ ಗಡಿ ಹಾಕಿದರು ಎಂಬ ಕಥೆ ಚೆನ್ನಾಗಿದೆ. ಕಥೆಯಾಗಿಯೇ ಕೇಳಬೇಕು. ಅವರ ನಿಜವಾದ ಬಲ ಬೇರೆ. ಮಠಕ್ಕೆ ಸಾವಿಲ್ಲ, ಆಸ್ತಿ ಪಾಲಾಗುವುದಿಲ್ಲ, ಓದುಬರಹ ಬಲ್ಲವರು ಒಳಗೇ ಇದ್ದರು. ಒಂದೇ ತೋಟವನ್ನು ಇನ್ನೂರು ಮುನ್ನೂರು ವರ್ಷ ಒಂದೇ ಕೈ ನೋಡಿಕೊಂಡರೆ ಯಾವ ಮೂಲೆಯ ಹಣ್ಣು ಹೇಗೆ ಎಂಬುದು ತಾನಾಗಿ ಗೊತ್ತಾಗುತ್ತದೆ.

ಯಾವ ನೆಲ ಎಂಬ ಪ್ರಶ್ನೆಗೆ ಮಠ ಉತ್ತರ ಕೊಟ್ಟರೆ, ಯಾವ ದ್ರಾಕ್ಷಿ ಎಂಬುದಕ್ಕೆ ಅರಮನೆ ಉತ್ತರ ಕೊಟ್ಟಿತು. ಆಗ ಬರ್ಗಂಡಿಯನ್ನು ಆಳುತ್ತಿದ್ದವನು ಫಿಲಿಪ್ ಎಂಬ ಡ್ಯೂಕ್. 'ಧೀರ ಫಿಲಿಪ್' ಎಂದು ಇತಿಹಾಸದಲ್ಲಿ ಹೆಸರು. ಅವನು 1395ರಲ್ಲಿ ಒಂದು ಆಜ್ಞೆ ಹೊರಡಿಸಿದ. ಗಾಮೆ ಎಂಬ ದ್ರಾಕ್ಷಿಯ ಬಳ್ಳಿಗಳನ್ನೆಲ್ಲ ಕಿತ್ತುಹಾಕಬೇಕು. ಅದು ಬಹಳ ಕೆಟ್ಟ, ಬಹಳ ನಿಯತ್ತಿಲ್ಲದ ಗಿಡ ಎಂದು ಆಜ್ಞೆಯಲ್ಲೇ ಬೈದಿದ್ದಾನೆ. ಅದರ ವೈನ್ ಕಹಿ, ಕುಡಿದವರ ಆರೋಗ್ಯಕ್ಕೂ ಕೆಡುಕು ಎಂದೂ ಸೇರಿಸಿದ್ದಾನೆ.

ಬಡ ದ್ರಾಕ್ಷಿಯ ಮೇಲೆ ಇಷ್ಟು ಸಿಟ್ಟು ಯಾಕೆ? ಬೋನ್ ಊರಿನ ವೈನ್ ಅಂದರೆ ಡ್ಯೂಕ್‌ಗೆ ರಾಜಕೀಯದ ಸಾಮಾನು. ರಾಜರಿಗೆ, ಪೋಪರಿಗೆ ಕಾಣಿಕೆಯಾಗಿ ಹೋಗುತ್ತಿತ್ತು. ಅದರ ಹೆಸರು ಕೆಡಬಾರದು. ರೈತನ ಲೆಕ್ಕವೇ ಬೇರೆ. ಪ್ಲೇಗ್ ಬಂದು ಆಳುಕಾಳು ಸಿಗದ ಕಾಲ. ಗಾಮೆ ಬೇಗ ಮಾಗುತ್ತಿತ್ತು, ಗೊಂಚಲು ತುಂಬಾ ಬಿಡುತ್ತಿತ್ತು. ಹೊಟ್ಟೆಗೆ ದಾರಿ ನೋಡುವವನಿಗೆ ಅದೇ ಸರಿ. ಆಜ್ಞೆಯನ್ನು ಎಲ್ಲರೂ ಪಾಲಿಸಲೂ ಇಲ್ಲ. 19ನೇ ಶತಮಾನದಲ್ಲಿ ಕೂಡ ಕೋತ್ ದೋರ್‌ನಲ್ಲಿ ಒಳ್ಳೆಯ ಕೆಂಪು ವೈನಿನ ದ್ರಾಕ್ಷಿಯಾದ ಪಿನೋಗಿಂತ ಗಾಮೆಯೇ ಹಲವು ಪಟ್ಟು ಹೆಚ್ಚಿತ್ತು. ಆದರೆ ಒಳ್ಳೆಯ ನಡುಪಟ್ಟಿಯ ನೆಲ ಮಾತ್ರ ಪಿನೋಗೇ ಉಳಿಯಿತು. ಗಾಮೆ ತನ್ನ ನಿಜವಾದ ಮನೆ ಕಂಡುಕೊಂಡದ್ದು ದಕ್ಷಿಣದ ಬೋಜೊಲೆಯಲ್ಲಿ, ಗ್ರಾನೈಟ್ ಮಣ್ಣಿನ ಮೇಲೆ.

ಎರಡು ದ್ರಾಕ್ಷಿ, ಒಂದು ಸಂಸಾರ

ಇಷ್ಟೆಲ್ಲ ಹೆಸರುಗಳ ಹಿಂದೆ ಇರುವುದು ಮುಖ್ಯವಾಗಿ ಎರಡೇ ದ್ರಾಕ್ಷಿ. ಕೆಂಪು ಬಾಟಲಿ ಅಂದರೆ ಪಿನೋ ನ್ವಾರ್, ಬಿಳಿ ಅಂದರೆ ಶಾರ್ಡನೇ. ಇದು ಎಲ್ಲರಿಗೂ ಗೊತ್ತೇ ಇದೆ ಎಂಬ ಧೈರ್ಯದಲ್ಲೇ ಅವರು ಲೇಬಲ್ ಮೇಲೆ ಬರೆಯುವುದಿಲ್ಲ.

ಪಿನೋ ನ್ವಾರ್ ಬೆಳೆಯುವುದು ತಲೆನೋವು. ಸಿಪ್ಪೆ ತೆಳು. ಗೊಂಚಲಿನಲ್ಲಿ ಕಾಯಿಗಳು ಒತ್ತೊತ್ತಾಗಿ ಕೂತಿರುತ್ತವೆ, ಮಳೆ ಬಂದರೆ ನಡುವೆ ತೇವ ನಿಂತು ಕೊಳೆಯುತ್ತವೆ. ಬೇಗ ಚಿಗುರುತ್ತದೆ, ಹಾಗಾಗಿ ಏಪ್ರಿಲ್ ತಿಂಗಳ ಕೊರೆಯುವ ಹಿಮಕ್ಕೆ ಸಿಕ್ಕಿ ಚಿಗುರು ಸುಡುತ್ತದೆ. ಬಿಸಿಲು ಹೆಚ್ಚಾದರೆ ಹಣ್ಣು ಸುವಾಸನೆ ಕಳೆದುಕೊಂಡು ಬೇಯಿಸಿದ ಜಾಮ್‌ನಂತಾಗುತ್ತದೆ. ಸಿಪ್ಪೆ ತೆಳುವಾದ್ದರಿಂದ ವೈನಿನ ಬಣ್ಣವೂ ತಿಳಿ. ಶಿರಾಜ್ ಕುಡಿದು ಅಭ್ಯಾಸವಾದವರು ಮೊದಲ ಸಲ ಇದನ್ನು ಕಂಡರೆ ನೀರು ಬೆರೆಸಿದ್ದಾರಾ ಅಂದುಕೊಳ್ಳಬಹುದು. ಇದರ ಸೊಗಸು ಇರುವುದು ಪರಿಮಳದಲ್ಲಿ. ಮೊದಲ ವರ್ಷಗಳಲ್ಲಿ ಚೆರಿ, ರಾಸ್‌ಬೆರಿ. ವಯಸ್ಸಾದಂತೆ ಒದ್ದೆ ಎಲೆ, ಅಣಬೆ, ಕಾಡಿನ ನೆಲದ ವಾಸನೆ. ಕೇಳಲು ವಿಚಿತ್ರ, ಮೂಗಿಗೆ ಹಿತ. ದ್ರಾಕ್ಷಿ ಇಷ್ಟು ಸೂಕ್ಷ್ಮವಾಗಿರುವುದರಿಂದಲೇ ನೆಲ ಸ್ವಲ್ಪ ಬದಲಾದರೂ ವೈನಿನಲ್ಲಿ ಗೊತ್ತಾಗುತ್ತದೆ ಎಂಬುದು ಬರ್ಗಂಡಿಯವರ ವಾದ.

ಶಾರ್ಡನೇ ಅಷ್ಟು ಹಟಮಾರಿ ಅಲ್ಲ. ಎಲ್ಲಿ ನೆಟ್ಟರೂ ಬರುತ್ತದೆ. ತನ್ನದೇ ಆದ ಜೋರು ವಾಸನೆ ಇಲ್ಲ, ಬೆಳೆದ ಜಾಗ ಮತ್ತು ಮಾಡಿದ ರೀತಿ ಎರಡನ್ನೂ ಹೊದ್ದುಕೊಳ್ಳುತ್ತದೆ. ಚಳಿಯ ಶಾಬ್ಲಿಯಲ್ಲಿ, ಹೆಚ್ಚಾಗಿ ಸ್ಟೀಲ್ ತೊಟ್ಟಿಯಲ್ಲಿ ಮಾಡಿದ್ದು ಹುಳಿಯಾಗಿ, ಚೂಪಾಗಿ ಇರುತ್ತದೆ. ಮರ್ಸೋ ಊರಿನಲ್ಲಿ 228 ಲೀಟರಿನ ಓಕ್ ಪೀಪಾಯಿಯಲ್ಲಿ ಮಲಗಿದ್ದು ಬೆಣ್ಣೆ, ಹುರಿದ ಬೀಜಗಳ ಕಡೆಗೆ ಹೊರಳುತ್ತದೆ. ದ್ರಾಕ್ಷಿ ಎರಡರಲ್ಲೂ ಒಂದೇ.

ಇಲ್ಲೊಂದು ಸ್ವಾರಸ್ಯ ಇದೆ. 1999ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಶಾರ್ಡನೇಯ ತಂದೆತಾಯಿ ಯಾರೆಂದು ಗೊತ್ತಾಯಿತು. ಒಂದು ಕಡೆ ಪಿನೋ. ಇನ್ನೊಂದು ಕಡೆ ಗುವೆ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿ. ಈ ಗುವೆ ಬಡ ರೈತರ ದ್ರಾಕ್ಷಿ. ಹುಳಿ, ಸಪ್ಪೆ ಎಂದು ಎಲ್ಲರೂ ಹಳಿಯುತ್ತಿದ್ದದ್ದು. ಮಧ್ಯಯುಗದ ತೋಟಗಳಲ್ಲಿ ಎರಡೂ ಹತ್ತಿರ ಹತ್ತಿರ ಇದ್ದವು, ತಾವಾಗಿಯೇ ಕೂಡಿಕೊಂಡವು. ಅದೇ ಜೋಡಿಗೆ ಹುಟ್ಟಿದ ಇನ್ನೊಂದು ದ್ರಾಕ್ಷಿ ಯಾವುದು ಗೊತ್ತಾ? ಗಾಮೆ. ಡ್ಯೂಕ್ ಬೈದು ಅಟ್ಟಿದ ಗಾಮೆಯೂ, ಜಗತ್ತು ತಲೆ ಮೇಲೆ ಹೊತ್ತ ಶಾರ್ಡನೇಯೂ ಒಡಹುಟ್ಟಿದವು.

ಅಲಿಗೋಟೆಯೂ ಅದೇ ಸಂಸಾರದ್ದು. ಬರ್ಗಂಡಿಯ ಎರಡನೇ ಬಿಳಿ ದ್ರಾಕ್ಷಿ ಇದು, ಹುಳಿ ಜಾಸ್ತಿ. ಬಹುಕಾಲ ಇದಕ್ಕೆ ಕಪ್ಪು ಕರಂಟ್ ಹಣ್ಣಿನ ಸಿಹಿ ಮದ್ಯ ಬೆರೆಸಿಯೇ ಕುಡಿಯುತ್ತಿದ್ದರು. ಆ ಪಾನೀಯಕ್ಕೆ ಕಿರ್ ಎಂದು ಹೆಸರು. ಎರಡನೇ ಮಹಾಯುದ್ಧದ ನಂತರ ದಿಜೋನ್‌ನ ಮೇಯರ್ ಆಗಿದ್ದ ಪಾದ್ರಿ ಫೆಲಿಕ್ಸ್ ಕಿರ್ ಬಂದವರಿಗೆಲ್ಲ ಅದನ್ನೇ ಕೊಟ್ಟು ಕೊಟ್ಟು ಹೆಸರು ಅಂಟಿಕೊಂಡಿತು. ಬೂಜರೋನ್ ಎಂಬ ಊರಿನಲ್ಲಿ ಮಾತ್ರ ಅಲಿಗೋಟೆಗೆ ಊರಿನ ಹೆಸರೇ ಹಾಕಿಕೊಳ್ಳುವ ಮರ್ಯಾದೆ ಸಿಕ್ಕಿದೆ.

ಪಾಲಾದ ತೋಟಗಳು

1789ರ ಕ್ರಾಂತಿಯಲ್ಲಿ ಚರ್ಚಿನ ಆಸ್ತಿಯೆಲ್ಲ ಸರ್ಕಾರದ ವಶವಾಯಿತು. 1791ರಲ್ಲಿ ಮಠದ ತೋಟಗಳು ಹರಾಜಿಗೆ ಬಂದವು. ಆಮೇಲೆ 1804ರ ನೆಪೋಲಿಯನ್ ಕಾನೂನು ಬಂತು. ಹಿರಿಮಗನಿಗೇ ಎಲ್ಲ ಎನ್ನುವಂತಿಲ್ಲ, ಮಕ್ಕಳೆಲ್ಲರಿಗೂ ಸಮಪಾಲು. ನ್ಯಾಯವಾದದ್ದೇ. ಆದರೆ ನಾಲ್ಕೈದು ತಲೆಮಾರು ಕಳೆಯುವಷ್ಟರಲ್ಲಿ ಒಂದು ತೋಟ ಸಾಲು ಲೆಕ್ಕಕ್ಕೆ ಇಳಿಯಿತು. ಇವನಿಗೆ ಎಂಟು ಸಾಲು, ಅವಳಿಗೆ ಹನ್ನೆರಡು ಸಾಲು.

ಎರಡು ಗೋಡೆ ಕಟ್ಟಿದ ತೋಟಗಳನ್ನು ಪಕ್ಕಪಕ್ಕ ಇಟ್ಟರೆ ಇದು ಚೆನ್ನಾಗಿ ಕಾಣುತ್ತದೆ. ಕ್ಲೋ ದ ವೂಜೊ 1889ರ ತನಕ ಇಡಿಯಾಗಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಆ ವರ್ಷ ಹಲವರು ಸೇರಿ ಕೊಂಡರು, ಅಲ್ಲಿಂದ ಒಡೆಯುತ್ತಾ ಹೋಯಿತು. ಇಂದು ಅದರಲ್ಲಿ ಸುಮಾರು 80 ಮಾಲೀಕರಿದ್ದಾರೆ. ಇನ್ನೊಂದು ಕ್ಲೋ ದ ತಾರ್. 1141ರಲ್ಲಿ ಸನ್ಯಾಸಿನಿಯರು ಕೊಂಡ ಏಳೂವರೆ ಹೆಕ್ಟೇರ್ ತೋಟ. ಕ್ರಾಂತಿಯಲ್ಲಿ ಮಾರಾಟವಾಯಿತು, 1932ರಲ್ಲಿ ಮತ್ತೆ ಕೈ ಬದಲಾಯಿತು, 2017ರಲ್ಲಿ ಫ್ರಾನ್ಸಿನ ಕೋಟ್ಯಧಿಪತಿ ಪಿನೋ ಕುಟುಂಬ (ದ್ರಾಕ್ಷಿಯ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ) ಕೊಂಡಿತು. ಒಂಬತ್ತು ಶತಮಾನಗಳಲ್ಲಿ ನಾಲ್ಕೇ ಒಡೆತನ. ಒಮ್ಮೆಯೂ ಪಾಲಾಗಲಿಲ್ಲ. ಹೀಗೆ ಇಡೀ ಕ್ಲಿಮಾ ಒಬ್ಬರದೇ ಆಗಿದ್ದರೆ ಲೇಬಲ್ ಮೇಲೆ 'ಮೊನೊಪೋಲ್' ಎಂದು ಹಾಕಿಕೊಳ್ಳುತ್ತಾರೆ.

ತೋಟ ಚೂರಾದ ಮೇಲೆ ರೈತನಿಗೆ ಒಂದು ಕಷ್ಟ ಬಂತು. ಎಂಟು ಸಾಲಿನ ಹಣ್ಣಿನಿಂದ ಒಂದೆರಡು ಪೀಪಾಯಿ ವೈನ್ ಆಗಬಹುದು. ಅದನ್ನು ಬಾಟಲಿ ಮಾಡಿ, ಲೇಬಲ್ ಹಚ್ಚಿ ದೂರದೂರಿಗೆ ಮಾರುವುದು ಹೇಗೆ? ಹಾಗಾಗಿ ವ್ಯಾಪಾರಿಗಳು ನಡುವೆ ಬಂದರು. ಇವರಿಗೆ ನೆಗೋಸಿಯಾಂ ಎನ್ನುತ್ತಾರೆ. ಹತ್ತಾರು ರೈತರಿಂದ ಕೊಂಡು, ಬೆರೆಸಿ, ತಮ್ಮ ಹೆಸರಿನಲ್ಲಿ ಮಾರುವವರು. ಬೋನ್ ಊರಿನ ಬುಶಾರ್ ಮನೆ 1731ರಿಂದ ಈ ವ್ಯಾಪಾರದಲ್ಲಿದೆ. ರೈತರು ತಾವೇ ಬಾಟಲಿ ತುಂಬಿಸಿ ಮಾರುವುದು ಜೋರಾಗಿದ್ದು 20ನೇ ಶತಮಾನದಲ್ಲಿ. ಅಂಥವರ ಲೇಬಲ್ ಮೇಲೆ 'ದೊಮೇನ್' ಎಂಬ ಪದ ಇರುತ್ತದೆ.

ಈ ನಡುವೆ ಇನ್ನೊಂದು ಆಪತ್ತು ಬಂದು ಹೋಗಿತ್ತು. ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಬೇರು ತಿನ್ನುವ ಪುಟ್ಟ ಕೀಟ 1878ರಲ್ಲಿ ಕೋತ್ ದೋರ್ ತಲುಪಿತು. ಯುರೋಪಿನ ಬಳ್ಳಿಗೆ ಅದನ್ನು ತಡೆಯುವ ಶಕ್ತಿ ಇಲ್ಲ, ಅಮೆರಿಕದ ಬಳ್ಳಿಗೆ ಇದೆ. ಪರಿಹಾರ ಎಂದರೆ ಅಮೆರಿಕದ ಬೇರಿನ ಮೇಲೆ ಪಿನೋ ಕಸಿ ಕಟ್ಟುವುದು. ಬರ್ಗಂಡಿಯಲ್ಲಿ ಮೊದಲು ಇದಕ್ಕೆ ಒಪ್ಪಲಿಲ್ಲ, 1887ರಲ್ಲಿ ಅನುಮತಿ ಸಿಕ್ಕಿತು. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಇದು ಹೊಸದಲ್ಲ. ಅವರು ಡಾಗ್‌ರಿಜ್ ಬೇರಿನ ಮೇಲೆ ಕಸಿ ಕಟ್ಟುತ್ತಾರಲ್ಲ, ಅದೂ ಅಮೆರಿಕ ಮೂಲದ್ದೇ. ಅಲ್ಲಿ ಕೀಟದ ಭಯ, ಇಲ್ಲಿ ಉಪ್ಪು ಮಣ್ಣು ಮತ್ತು ನೀರಿನ ಕೊರತೆ.

ಲೇಬಲ್ ಓದುವುದು

1855ರಲ್ಲಿ ಡಾಕ್ಟರ್ ಜೂಲ್ ಲವಾಲ್ ಕೋತ್ ದೋರ್‌ನ ತೋಟಗಳಿಗೆ ದರ್ಜೆ ಹಾಕಿ ಪ್ರಕಟಿಸಿದರು. 1861ರಲ್ಲಿ ಬೋನ್‌ನ ಕೃಷಿ ಸಮಿತಿ ಅದರ ಆಧಾರದಲ್ಲಿ ನಕ್ಷೆ ಮಾಡಿತು. 1930ರ ದಶಕದಲ್ಲಿ ಅದೇ ಅಡಿಪಾಯದ ಮೇಲೆ ಸರ್ಕಾರದ ಕಾನೂನು ನಿಂತಿತು. ಮೆಟ್ಟಿಲು ನಾಲ್ಕು.

ತಳದಲ್ಲಿ 'ಬೂರ್ಗೋನ್' ಎಂಬ ಪ್ರಾಂತದ ಹೆಸರಿನ ವೈನ್. ಒಟ್ಟು ವೈನಿನ ಅರ್ಧದಷ್ಟು ಇದೇ. ಅದರ ಮೇಲೆ ಊರಿನ ಹೆಸರಿನದು: ಮರ್ಸೋ, ಪೊಮಾರ್ ಹೀಗೆ. ಅದರ ಮೇಲೆ ಪ್ರೆಮಿಯೆ ಕ್ರೂ, ಊರಿನ ಹೆಸರಿನ ಜೊತೆ ಕ್ಲಿಮಾದ ಹೆಸರೂ ಇರುತ್ತದೆ. ಇದು ನೂರಕ್ಕೆ ಹತ್ತರಷ್ಟು. ತುದಿಯಲ್ಲಿ ಗ್ರಾಂ ಕ್ರೂ. ಇವು 33 ಮಾತ್ರ, ನೂರಕ್ಕೆ ಒಂದೆರಡು ಬಾಟಲಿ. ಶಾಬ್ಲಿಯದು ಬಿಟ್ಟರೆ ಇವಕ್ಕೆ ಊರಿನ ಹೆಸರೂ ಬೇಡ, ಕ್ಲಿಮಾದ ಹೆಸರೊಂದೇ ಸಾಕು.

ಇಲ್ಲೇ ಜನ ಮೋಸ ಹೋಗುವುದು. ಜೆವ್ರೆ ಎಂಬ ಊರು 1847ರಲ್ಲಿ ತನ್ನ ಅತಿ ಪ್ರಸಿದ್ಧ ತೋಟ ಶಾಂಬರ್ತಾನ್‌ನ ಹೆಸರನ್ನು ತನ್ನ ಹೆಸರಿಗೆ ಅಂಟಿಸಿಕೊಂಡಿತು. ಜೆವ್ರೆ-ಶಾಂಬರ್ತಾನ್ ಆಯಿತು. ಪುಲಿನ್ಯಿ ಮತ್ತು ಶಾಸಾನ್ಯ್ ಎರಡೂ ಊರುಗಳು 1879ರಲ್ಲಿ ಮೋಂತ್ರಾಶೆ ತೋಟದ ಹೆಸರನ್ನು ಹಂಚಿಕೊಂಡವು. ಆ ತೋಟ ಎರಡೂ ಊರಿನ ಗಡಿಯಲ್ಲಿದೆ, ಬಿಡಲು ಯಾರೂ ತಯಾರಿರಲಿಲ್ಲ. ಪರಿಣಾಮ ಏನೆಂದರೆ 'ಶಾಂಬರ್ತಾನ್' ಎಂದಷ್ಟೇ ಬರೆದಿದ್ದರೆ ಗ್ರಾಂ ಕ್ರೂ. 'ಜೆವ್ರೆ-ಶಾಂಬರ್ತಾನ್' ಎಂದಿದ್ದರೆ ಊರಿನ ವೈನ್, ಎರಡು ಮೆಟ್ಟಿಲು ಕೆಳಗೆ. ಬೆಲೆ ನೋಡಿದರೆ ತಕ್ಷಣ ಅರ್ಥವಾಗುತ್ತದೆ.

ಈಗ ದರ್ಜೆಯನ್ನು ಎಷ್ಟು ನಂಬಬೇಕು? ಕ್ಲೋ ದ ವೂಜೊ ಮತ್ತೆ ನೆನಪಾಗುತ್ತದೆ. ಅದರ ಮೇಲ್ಭಾಗ ಇಳಿಜಾರಿನ ಸೊಗಸಾದ ನೆಲ. ಕೆಳಭಾಗ ರಸ್ತೆಗೆ ತಾಗಿದೆ, ಅಲ್ಲಿ ನೀರು ಬಸಿಯುವುದು ಕಷ್ಟ. ಗೋಡೆ ಒಂದೇ ಆದ್ದರಿಂದ ಪೂರ್ತಿ ತೋಟಕ್ಕೆ ಗ್ರಾಂ ಕ್ರೂ ಕೊಟ್ಟಿದ್ದಾರೆ. ಮಠದವರಿಗೆ ಇದು ತೊಂದರೆ ಆಗಿರಲಿಲ್ಲ, ಮೇಲಿನದು ಕೆಳಗಿನದು ಬೆರೆಸಿಕೊಳ್ಳಬಹುದಿತ್ತು. ಈಗ ಕೆಳಗಿನ ಸಾಲು ಒಬ್ಬರದು, ಮೇಲಿನದು ಇನ್ನೊಬ್ಬರದು, ಲೇಬಲ್ ಮಾತ್ರ ಒಂದೇ. ನನ್ನ ಮಟ್ಟಿಗೆ ಹೇಳುವುದಾದರೆ, ಬರ್ಗಂಡಿಯಲ್ಲಿ ಮೊದಲು ನೋಡಬೇಕಾದದ್ದು ಮಾಡಿದವರ ಹೆಸರು, ಆಮೇಲೆ ದರ್ಜೆ. ಶ್ರದ್ಧೆಯಿಂದ ಮಾಡಿದ ಊರಿನ ವೈನ್, ಉದಾಸೀನದ ಗ್ರಾಂ ಕ್ರೂಗಿಂತ ಎಷ್ಟೋ ಮೇಲು.

ಹಣ ಮತ್ತು ಹವೆ

ತುತ್ತತುದಿಯಲ್ಲಿರುವುದು ರೊಮಾನೆ-ಕೋಂಟಿ ಎಂಬ ತೋಟ. 1.8 ಹೆಕ್ಟೇರ್, ಅಂದರೆ ನಾಲ್ಕೂವರೆ ಎಕರೆ. 1760ರಲ್ಲಿ ಕೋಂಟಿಯ ರಾಜಕುಮಾರ ಕೊಂಡಿದ್ದರಿಂದ ಈ ಹೆಸರು. ಕಸಿ ಮಾಡದ ಹಳೆಯ ಬಳ್ಳಿಗಳನ್ನು 1945ರ ತನಕ ಕಾಪಾಡಿಕೊಂಡು ಬಂದರು. ಆ ವರ್ಷ ಸುಮಾರು 600 ಬಾಟಲಿ ಆಯಿತು, ಆಮೇಲೆ ಬಳ್ಳಿ ಕಿತ್ತರು. 2018ರಲ್ಲಿ ಆ 600ರಲ್ಲೊಂದು ನ್ಯೂಯಾರ್ಕ್ ಹರಾಜಿನಲ್ಲಿ 5,58,000 ಡಾಲರಿಗೆ ಹೋಯಿತು. ಇಂಥ ಬೆಲೆಗೂ ರುಚಿಗೂ ಸಂಬಂಧ ಹುಡುಕಬಾರದು.

ಇಷ್ಟು ಹಣ ಇದ್ದಲ್ಲಿ ಕಳ್ಳರೂ ಇರುತ್ತಾರೆ. 2008ರಲ್ಲಿ ನ್ಯೂಯಾರ್ಕ್‌ನ ಒಂದು ಹರಾಜಿಗೆ ಪೋನ್ಸೋ ಮನೆತನದ, ಕ್ಲೋ ಸಾಂ ದನಿ ಎಂಬ ತೋಟದ ಹೆಸರಿನ ಬಾಟಲಿಗಳು ಬಂದವು. ಇಸವಿ 1945ರಿಂದ 1971. ಮನೆತನದ ಲೋರಾಂ ಪೋನ್ಸೋ ಅದನ್ನು ತಡೆದರು. ಕಾರಣ ಸರಳ. ಅವರ ಮನೆಯವರು ಆ ಹೆಸರಿನ ವೈನ್ ಮಾಡಲು ಶುರು ಮಾಡಿದ್ದೇ 1980ರ ದಶಕದಲ್ಲಿ. ನಕಲಿ ಮಾಡಿದವನಿಗೆ 2014ರಲ್ಲಿ 10 ವರ್ಷ ಜೈಲಾಯಿತು. ಯಾರ ಹತ್ತಿರ ಯಾವ ಸಾಲು, ಯಾವಾಗಿನಿಂದ ಎಂಬ ದಾಖಲೆಯೇ ಅವನನ್ನು ಹಿಡಿದುಕೊಟ್ಟಿತು.

ಬರ್ಗಂಡಿಯ ದಾಖಲೆ ಹವೆಯ ಕಥೆಯನ್ನೂ ಹೇಳುತ್ತದೆ. ಬೋನ್ ಊರಿನಲ್ಲಿ ದ್ರಾಕ್ಷಿ ಕೊಯ್ಲು ಶುರುವಾದ ದಿನಾಂಕಗಳು 1354ರಿಂದ ಸಿಗುತ್ತವೆ. 2019ರಲ್ಲಿ ಸಂಶೋಧಕರು ಅವನ್ನೆಲ್ಲ ಜೋಡಿಸಿ ಪ್ರಕಟಿಸಿದರು. 1988ರ ನಂತರದ ಕೊಯ್ಲು ಹಿಂದಿನ ಆರು ಶತಮಾನಗಳ ಸರಾಸರಿಗಿಂತ ಸುಮಾರು 13 ದಿನ ಮುಂಚೆ ಆಗುತ್ತಿದೆ. ಚಳಿಗಾಲ ಬೆಚ್ಚಗಾಗಿ ಬಳ್ಳಿ ಬೇಗ ಚಿಗುರುತ್ತದೆ, ಆಮೇಲೆ ಬರುವ ಕೊರೆಯುವ ಹಿಮಕ್ಕೆ ಸಿಕ್ಕಿಕೊಳ್ಳುತ್ತದೆ. 2021ರ ಏಪ್ರಿಲ್‌ನಲ್ಲಿ ರಾತ್ರಿಯಿಡೀ ಸಾಲುಗಳ ನಡುವೆ ದೊಡ್ಡ ಮೇಣದ ಡಬ್ಬಿಗಳನ್ನು ಉರಿಸಿದರೂ ಬೆಳೆಯ ದೊಡ್ಡ ಪಾಲು ಹೋಯಿತು, ಅದರಲ್ಲೂ ಶಾರ್ಡನೇ.

ದರ್ಜೆಯ ನಕ್ಷೆ ಬರೆದದ್ದು ಹಣ್ಣು ಮಾಗುವುದೇ ಕಷ್ಟವಾಗಿದ್ದ ತಣ್ಣನೆಯ ಕಾಲದಲ್ಲಿ. ಆಗ ಬೆಚ್ಚಗಿನ ಮೂಲೆಗೆ ಬೆಲೆ. ಈಗ ಅಂಥ ಮೂಲೆಗಳಲ್ಲಿ ಹಣ್ಣು ಕೆಲವು ವರ್ಷ ಅತಿಯಾಗಿ ಮಾಗುತ್ತದೆ. ಹಿಂದೆ ಚಳಿ ಎಂದು ಮೂಗು ಮುರಿದಿದ್ದ ಮೇಲಿನ ಕಣಿವೆಯ ಊರುಗಳಲ್ಲಿ ಹಣ್ಣು ಹದವಾಗಿ ಬರುತ್ತಿದೆ. ನಕ್ಷೆ ಮಾತ್ರ ನಿಧಾನ. ದಕ್ಷಿಣದ ಪುಯಿ-ಫುಯಿಸೆಗೆ 22 ಪ್ರೆಮಿಯೆ ಕ್ರೂ ಸಿಕ್ಕಿದ್ದು 2020ರ ಬೆಳೆಯಿಂದ. ಅದಕ್ಕೆ ಎಷ್ಟೋ ವರ್ಷ ಕಾಯಬೇಕಾಯಿತು. ಹಾಗಾಗಿ ವಿದೇಶಕ್ಕೆ ಹೋದಾಗ ಒಂದು ಬಾಟಲಿ ತರುವ ಮನಸ್ಸಿದ್ದರೆ ಪುಲಿನ್ಯಿ-ಮೋಂತ್ರಾಶೆಯ ಬದಲು ಅದರ ಹಿಂದಿನ ಕಣಿವೆಯ ಸಾಂತ್ ಓಬಾ ಎಂಬ ಊರಿನ ಬಿಳಿ ವೈನ್ ಕೇಳಿ. ಕೆಂಪು ಬೇಕಿದ್ದರೆ ದಿಜೋನ್ ಮಗ್ಗುಲಿನ ಮಾರ್ಸನೆ. ಬೆಲೆ ಇನ್ನೂ ಹಳೆಯ ನಕ್ಷೆಯ ಪ್ರಕಾರವೇ ಇದೆ.